ಕುಬಸಕ್ಕಿಂತ ಮೊದಲು

...ತಪ್ಪು! ಲಾಳಿ ಅಲ್ಲ. ನೇಕಾರರ ಮನಿ ಸೊಸಿ ಆದಾಗಿಂದ ನಿನಗ ಎಲ್ಲಾ ಒಗಟಿಗೂ ಲಾಳೀನ ಉತ್ತರ ಆಗೇತಿ ನೋಡು ಅತ್ತಿಗಿ. ಇನ್ನೊಮ್ಮೆ ಹೇಳ್ತೀನಿ, ಚೊಲೋ ಕೇಳು. 'ಹೋದ ಕಡಿ ಎಲ್ಲಾ ಬಾಗಿಲೈತಿ, ಒಳಗ ಹೋಗಾಕ ಮನಿ ಇಲ್ಲ. ಉಣ್ಣಾಕ ಕುಂತ್ರ ಎರಡು ಬಾಯಿ, ಮಾತಾಡಾಕ ಕುಂತ್ರ ಒಂದೂ ಇಲ್ಲ.' ಏನು ಹೇಳು?

ಬಾವಿ? ಬಾವಿಗೆ ಎರಡು ಬಾಯಿ ಎಲ್ಲಿಂದ ಬರ್ತಾವ! ಅಲ್ಲ. ಬೀಸೋಕಲ್ಲು? ಊಹೂಂ. ಸೋತಿ? ಹಂಗಲ್ಲ, ಬಾಯಿಬಿಟ್ಟು 'ಸೋತೆ ಆಶಪ್ಪ' ಅನ್ನು. ...ಅಂದಿ? ಹಾಂ. ಉತ್ತರ ಏನಪಾ ಅಂದ್ರ... ನನಗೂ ಗೊತ್ತಿಲ್ಲ! ಖರೇನ! ಫೋನ್‌ನ್ಯಾಗ ನಿನ್ನ ಮಾರಿ ನೋಡಿದ್ಯಾ, ಒಣಗಿದ ಬದನಿಕಾಯಿ ಆಗಿತ್ತು. ನಗಸ್ಬೇಕಂತ ಬಾಯಿಗೆ ಬಂದಂಗ ಕಟ್ಟಿದೆ. ಉತ್ತರ ಇನ್ನೂ ಕಟ್ಟಿಲ್ಲ.

ನಕ್ಕಿ ನೋಡು! ಏ ಏ, ನಿಧಾನ, ನಿಧಾನ ನಗು. ಹೊಟ್ಟಿ ಕುಣೀತೈತಿ. ಡಾಕ್ಟರು ಅಲುಗಾಡಬ್ಯಾಡ ಅಂದಾರಂತಲ್ಲ. ಆಕಿ ಯಾರು ಹಿಂದ ಬಿಳೀ ಅಂಗಿ? ನಿನ್ನ ಜೊತಿ ಕೆಲಸ ಮಾಡೋ ನರ್ಸಾ? ಅಬ್ಬಾ, ಮೊನ್ನೆತನಕ ನೀನು ಆಕಿ ಕೂಡಿ ಊರ ಮಂದಿಗೆಲ್ಲ ಸೂಜಿ ಚುಚ್ಚಿದ್ರಿ, ಈಗ ಆಕಿ ನಿನಗ ಚುಚ್ಚಾಕತ್ತಾಳ. ಐರ್ಲೆಂಡಿನ್ಯಾಗ ದೇವರು ಅದಾನ ಬಿಡು.

ಏನು?... ಅಣ್ಣಾ? ಅಣ್ಣ ಆರಾಮ ಅದಾನ. ಫೋನ್ ಎತ್ತವಲ್ಲ ಅಂದ್ರ... ಅವನ ಫೋನು ಅವ ಯಾವಾಗ ಎತ್ಯಾನ? ಮಗ್ಗದ ಸಪ್ಪಳದಾಗ ಅವಂಗ ಗುಡುಗು ಕೇಳಂಗಿಲ್ಲ. ಹೇಳ್ತೀನಿ, ಎಲ್ಲಾ ಹೇಳ್ತೀನಿ. ಯಾಕ ಹಂಗ ನೋಡ್ತಿ? ವೀಸಾ ಸುದ್ದಿ ಅಲ್ಲೇನು? ಅದನ್ನ ಹೇಳಾಕ ಕುಂತೀನಿ ನಾ.

ನೀ ನಿನ್ನ ದವಾಖಾನಿ ಡಾಕ್ಟರಮ್ಮನ ಕಡಿಂದ ಕಾಗದ ಕಳಿಸಿದ್ದೆಲ್ಲ. 'ಕೂಸಿನ ಮಾಸು ಕೆಳಗಿಳಿದೈತಿ, ರಕ್ತ ಹೋಗಾಕತ್ತೈತಿ, ಈಕಿ ಒಬ್ಬಾಕೀನ ಅದಾಳ, ಗಂಡನ್ನ ಜಲ್ದಿ ಕಳಿಸ್ರಿ' ಅಂತ. ಅದು ಬಂದ ದಿನಾನ ಅಣ್ಣ ಮಗ್ಗ ಬಿಟ್ಟೆದ್ದ. ನಾರಾಯಣಪೇಟಿಯಿಂದ ಮಕ್ತಲ್‌ತನ ಆಟೋ, ಅಲ್ಲಿಂದ ಬಸ್ಸು, ಜೂರಾಲ ಡ್ಯಾಂ ದಾಟಿ ಗದ್ವಾಲಕ್ಕ, ಸುರೇಂದರ್ ಸಾರ್ ಕಡಿ. ದುಬೈಗೆ ಹೋಗೋರ ಕಾಗದ ಮಾಡಿಕೊಡ್ತಾರಲ್ಲ, ಅವರು. ಇಂಥಾ ಜಲ್ದಿ ದರಖಾಸ್ತು ಅವರೂ ಮೊದಲನೇ ಸಲ ನೋಡಿದ್ದಂತ. 'ಸಾಯಿನಾಥ, ವೀಸಾದವರು ಮನಿಗೆ ಫೋನ್ ಮಾಡಿ ತಹಕೀಕಾತ್ ಮಾಡಬೌದು. ಯಾರು ಎತ್ತಿದ್ರೂ ಇದ್ದದ್ದು ಇದ್ದಂಗ ಹೇಳ್ರಿ' ಅಂದ್ರು. ಅಣ್ಣನ ಫೋನಿಗೆ ನಂಬಿಕಿಲ್ಲಂತ ಅವ್ವನ ನಂಬರೂ ಬರಸಿ ಬಂದ.

ಅಲ್ಲೇ ಆಗಿದ್ದು ಅತ್ತಿಗಿ. ಅವ್ವನ ನಂಬರು.

ನಿನಗ ಅವ್ವ ಗೊತ್ತಲ್ಲ. ಹೋದ ಸಲ ನಿನಗ ಹಂಗಾತಲ್ಲ... ಮೂರು ತಿಂಗಳಿಗೆ... ಬಿಡು, ಅದನ್ನ ನೆನಸಬ್ಯಾಡ. ಆವಾಗಿಂದ ಅವ್ವಂದು ಒಂದ ಮಾತು. 'ಓಣಿ ತುಂಬ ಹೇಳಿಕೊಂಡು ತಿರುಗಿದೆ, ಮಂದಿ ಕಣ್ಣು ಬಿದ್ದು ನದರಾತು. ಈ ಸಲ ಬಸರಿಗೆ ಉಡಿ ತುಂಬಿ ಕುಬಸ ಆಗೋತನ ಯಾರ ಮುಂದೂ ಬಾಯಿಬಿಡಂಗಿಲ್ಲ.' ನಮ್ಮನ್ನೆಲ್ಲಾ ದೇವರ ಮುಂದ ನಿಲ್ಲಿಸಿ ಆಣಿ ಹಾಕಿಸಿದ್ಲು. ಮಗ್ಗಲ ಮನಿ ಪೆಂಟಮ್ಮಕ್ಕ ಬಂದು 'ಜೋಗಮ್ಮಾ, ಸೊಸಿ ಏನಾರ ವಿಶೇಷ ಅದಾಳೇನು?' ಅಂದ್ರ ಅವ್ವ ಏನಂತಾಳ? ತಡಿ, ಅವ್ವನ ದನಿಯಾಗ ಹೇಳ್ತೀನಿ. 'ವಿಶೇಷಾ? ಎಲ್ಲೀದ ವಿಶೇಷ ತಂಗೀ! ಆಕಿಗೆ ದವಾಖಾನಿ ಕೆಲಸಾನ ಹರೀವಲ್ದು!' ಹಾಂ? ಹಂಗ ಐತಿಲ್ಲ? ಮೂಗಿನಿಂದ ಎಳ್ಯಾದು ಕೇಳು, 'ತಂಗೀ...' ಊರಾಗ ಅವ್ವನ ದನಿ ನನ್ನಂಗ ಅವ್ವನೂ ತಗ್ಯಂಗಿಲ್ಲ!

ಅದ್ರಾಗ ಒಂದು ಮಜಾ ಕೇಳು. ಕುಬಸ ಆಗೋತನ ಹೇಳಂಗಿಲ್ಲ ಅಂದ್ಲು. ಕುಬಸ ಮಾಡಬೇಕಂದ್ರ ಸೊಸಿ ಇಲ್ಲಿ ಇರಬೇಕು. ಸೊಸಿ ಅಲ್ಲಿ. ಅಂದಮ್ಯಾಲ ಕುಬಸ ಆಗಂಗಿಲ್ಲ, ಹೇಳಂಗೂ ಇಲ್ಲ. ಕೂಸು ಹುಟ್ಟಿ, ಸಾಲಿಗೆ ಹೋಗಿ, ಎಸ್ಸೆಸ್ಸಿ ಫೇಲಾಗಿ ನನ್ನಂಗ ನೂಲಿನ ಕಂಡಿಕಿ ಸುತ್ತಾಕ ಕುಂತ್ರೂ ಅವ್ವ ಪೆಂಟಮ್ಮಕ್ಕಗ 'ಎಲ್ಲೀದ ವಿಶೇಷ ತಂಗೀ' ಅಂತಾಳ!

ನಗು, ನಗು. ಹಂಗ ಮೆಲ್ಲಕ.

ಹಾಂ... ಆ ಫೋನು. ಬಂತು. ನಡುಮಧ್ಯಾಹ್ನ. ದಿಲ್ಲಿ ವೀಸಾ ಆಫೀಸಿನ್ಯಾಗ ಕುಂತ ಒಬ್ಬ ಮೇಡಮ್ಮು, ಆದ್ರ ಸಕ್ಕರಿಯಂಥಾ ತೆಲುಗು. 'ಜೋಗಮ್ಮ ಗಾರೇನಾ ಅಂಡಿ? ಮೀ ಕೋಡಲು ಹರಿತಾ ಆರೋಗ್ಯಂ ಎಲಾ ಉಂದಿ ಅಮ್ಮಾ?' ನಿನ್ನ ಸೊಸಿ ಆರೋಗ್ಯ ಹೆಂಗೈತಿ ಅಂತ. ಅವ್ವ ಏನಂತಾಳ? 'ನನ್ನ ಸೊಸಿಗೆ ಏನಾಗೇತಿ! ಗುಂಡಕಲ್ಲು ಇದ್ದಂಗ ಅದಾಳ. ಮೂರು ರೊಟ್ಟಿ ತಿಂದು ನಾಕನೇದಕ್ಕ ಕೈ ಚಾಚ್ತಾಳ!' ಆ ಮೇಡಮ್ಮು, 'ಗರ್ಭವತಿ ಕದಾ ಅಮ್ಮಾ?' ಅಂದ್ಲು. ಅವ್ವ, 'ಹೊಟ್ಟೀಲೆ ಅದಾಳಂತ ಯಾ ನಾಲಿಗಿ ಬಿದ್ದಾವ ಹೇಳಿದ? ಏನಿಲ್ಲ, ಎಂಥಾದ್ದಿಲ್ಲ!'

ಆತಲ್ಲ. ಅಲ್ಲಿ ಡಾಕ್ಟರು ಒಂದು ಬರೀತಾಳ, ಇಲ್ಲಿ ಅತ್ತಿ ಇನ್ನೊಂದು ಹೇಳ್ತಾಳ. ಸುರೇಂದರ್ ಸಾರ್‌ಗೆ ಜವಾಬು ಬಂತು. ಮನಿಯವರ ಮಾತು ಕಾಗದಕ್ಕ ತಾಳಿ ಬರವಲ್ದು, ಜಲ್ದಿ ಮಾಡಾಕ ಆಗಂಗಿಲ್ಲ, ಎಲ್ಲಾರಂಗ ಸಾಲಿನ್ಯಾಗ ನಿಂದ್ರಿ, ಅಂತ.

ಅತ್ತಿಗಿ? ...ಯಾಕ, ಅಣ್ಣ ಹೇಳಿರ್ಲಿಲ್ಲಾ? 'ಇನ್ನೂ ಜವಾಬು ಬಂದಿಲ್ಲ' ಅಂತಿದ್ನಾ? ನಿನ್ನ ಜೀವಕ್ಕ ತ್ರಾಸು ಬ್ಯಾಡಂತ ಅಂದಿರಬೇಕು. ಅಳಬ್ಯಾಡ. ಏ, ಅಳಬ್ಯಾಡ ಅಂದ್ರ... ನಾ ಕತಿ ಮುಗಿಸಿಲ್ಲ ಇನ್ನ!

ಅವ್ವನ್ನ ಬೈಬ್ಯಾಡ. ಅಲ್ಲ, ನೀ ಬೈದಿ ಅನ್ನವಲ್ಲೆ. ಅಣ್ಣ ಬೈದಾನ. ಬೈದಿದ್ರ ಚೊಲೋ ಇತ್ತು, ಮಾತ ಬಿಟ್ಟಾನ. ಅವ್ವ ತಾಟು ಮುಂದಿಟ್ರ ಉಣ್ಣಾಕ ಬರಂಗಿಲ್ಲ, ಆಕಿ ಆ ಕಡಿ ಹೋದಮ್ಯಾಲ ಬಂದು ಉಂಡು ಹೋಗ್ತಾನ. ಅವ್ವನ್ನ ಗದ್ವಾಲಕ್ಕ ಕರಕೊಂಡು ಹೋಗಿದ್ದ. ನಾನೂ ಹೋಗಿದ್ದೆ. ಸುರೇಂದರ್ ಸಾರ್ ಕೇಳಿದ್ರು, 'ಅಮ್ಮಾ, ಫೋನ್ ಎತ್ತಿದವರು ಯಾಕ ಹಂಗ ಹೇಳಿದ್ರು ಅಂತ ತಾವ ಖುದ್ದು ಬಿಡಿಸಿ ಹೇಳಿದ್ರ ಅವರು ಮತ್ತ ನೋಡತಾರ. ಏನೇನು ಅಂದ್ರಿ, ಹೇಳ್ರಿ, ಬರಕೊಂತೀನಿ.' ಅವ್ವ ಸೆರಗು ಬಾಯಾಗಿಟ್ಟುಕೊಂಡು ಕುಂತ್ಲು. 'ನನಗ ನೆನಪಿಲ್ಲಪ್ಪ... ಓಣ್ಯಾಗ ಎಲ್ಲಾರಿಗೂ ಹಂಗ ಅಂದೀನಿ... ಫೋನಿನ್ಯಾಗೂ ಅಂದಿರಬೇಕು... ವಯಸ್ಸಾತು...' ಅಷ್ಟ. ಸಾರ್ ಪೆನ್ನು ಮುಚ್ಚಿಟ್ಟರು. ನೆನಪಿಲ್ಲದ ಮಾತು ಹೆಂಗ ಬರೀಬೇಕು?

ಬಸ್ಸಿನ್ಯಾಗ ಬರೋವಾಗ ಅವ್ವ ನನ್ನ ಮಗ್ಗಲಿಗೆ ಕುಂತಿದ್ಲು. ಡ್ಯಾಂ ಮ್ಯಾಲ ಬಸ್ಸು ಬಂದಾಗ ಕಿವ್ಯಾಗ ಕೇಳಿದ್ಲು. 'ಆಶ್ಯಾ, ನೀ ಮನ್ಯಾಗ ಇದ್ದೆಲ್ಲೋ. ನಾ ಏನಂದೆ? ನೆನಪು ಮಾಡಿಕೊಡೋ.'

...ಏನಂದೆ ಅಂದ್ರ? ಕಿಟಕಿ ಹೊರಗ ನೋಡಿದೆ. ನೀರು ಭಾಳ ಇತ್ತು.

ಅದಿರಲಿ! ಆಪರೇಷನ್ ಯಾವಾಗಂತ? ...ಬರೋ ಸೋಮವಾರನಾ? ಅಂದ್ರ ಈ ಸೋಮವಾರ? ಅಷ್ಟು ಜಲ್ದಿ? ಮಕ್ಕಳು ಒಂಬತ್ತು ತಿಂಗಳು ಇರಬೇಕಂತಾರಲ್ಲ... ಹಾಂ. ರಕ್ತ. ನಿನ್ನಿ ಮತ್ತ ಹೋಗಿತ್ತಾ? ...ಸಹಿ ಮಾಡಾಕ ಯಾರದಾರ ಅಂತ ಕೇಳಿದ್ರಾ? ನೀನ ಮಾಡಿದ್ಯಾ?

ಕೇಳಿಲ್ಲಿ. ಅತ್ತಿಗಿ. ಮಾರಿ ಎತ್ತು. ನಾ ಅಂದ್ನೆಲ್ಲ ಕತಿ ಮುಗದಿಲ್ಲಂತ. ಮುಂದಿಂದು ಕೇಳು.

ನಿನ್ನಿ ಏನಾತು ಗೊತ್ತೈತೇನು? ಅವ್ವಗ ಒಮ್ಮಿಂದೊಮ್ಮೆಲೆ ಎಲ್ಲಾ ನೆನಪಾತು! ಹೂಂ! ಹೊಳ್ಳಿ ಆ ಮೇಡಮ್ಮಿಗೆ ಫೋನ್ ಹಚ್ಚಿಸಿದ್ಲು. ಹಚ್ಚಿ, ಅಂಗಳದಾಗ ನಿಂತು, ಪೆಂಟಮ್ಮಕ್ಕ ಕೇಳಿದ್ರೂ ಕೇಳಲಿ ಅಂತ ಒದರಿದ್ಲು. 'ನನ್ನ ಸೊಸಿ ಹೊಟ್ಟೀಲೆ ಅದಾಳ್ರೀ! ನದರ ಆಗತೈತಂತ ಸುಳ್ಳು ಹೇಳಿದ್ದೆ! ನನ್ನ ಮಗನ್ನ ಕಳಸ್ರಿ!' ಆ ಮೇಡಮ್ಮು ನಕ್ಕು, 'ನಮ್ಮ ಅತ್ತೀನೂ ಹಿಂಗ ಮಾಡಿದ್ಲು ಅಮ್ಮಾ' ಅಂದ್ಲು. ಸಂಜಿಗೆ ಮಂಜೂರು! ಬಡಾಬಡಾ ಮಂಜೂರು!

ನಂಬವಲ್ಲಿ? ನಿನ್ನ ಆಣಿ... ಆಣಿ ಯಾಕ, ಸುಮ್ಮನ ಕೇಳು. ಈಗ ಅಣ್ಣ ಎಲ್ಲಿ ಅದಾನ ಹೇಳು? ಗದ್ವಾಲ ಸ್ಟೇಷನ್ ದಾಟಿ ರೈಲಿನ್ಯಾಗ ಅದಾನ! ಅದಕ್ಕ ಫೋನ್ ಎತ್ತವಲ್ಲ! ಕಿಟಕಿ ಮಗ್ಗಲಿಗೆ ಕುಂತಾನ. ಅವ್ವ ಒಂದು ಡಬ್ಬಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಾಳ. ಹೊಸಾ ಪ್ಯಾಂಟು ಉದ್ದಾತಂತ ಕೆಳಗ ಮಡಚ್ಯಾನ, ಒಂದು ಕಾಲು ಹೆಚ್ಚು, ಒಂದು ಕಾಲು ಕಡಿಮಿ. ಟಿಸಿ ಬಂದು ಟಿಕೀಟು ಕೇಳಿದ್ರ ಪಾಸ್‌ಪೋರ್ಟ್ ತೋರಿಸಿದ್ನಂತ! 'ಎಲ್ಲಿಗೆ ಹೊಂಟ್ರಿ?' 'ಹೆಂಡ್ತಿ ಕಡಿ ರೀ.' 'ಎಲ್ಲಿ ಅದಾಳ?' 'ಸಮುದ್ರದ ಆಚಿ ರೀ.' ಟಿಸಿ ಎದ್ದು ನಿಂತು ಸಲಾಂ ಹೊಡದ! ನಾಳಿ ವಿಮಾನ. ಶನಿವಾರ ನಿನ್ನ ಮಂಚದ ಮಗ್ಗಲಿಗೆ ಬಂದು ಕುಂದರ್ತಾನ. ಸೋಮವಾರ ನಿನ್ನ ಒಳಗ ಕರಕೊಂಡು ಹೋಗೋವಾಗ ಕೈ ಹಿಡ್ಕೊಂಡು ಬಾಗಿಲತನ ಬರ್ತಾನ...

ನೋಡು, ನಿನ್ನ ಮಾರಿ ಹೆಂಗಾತು ಈಗ! ಹಿಂಗ ಇರಬೇಕು. ಕಣ್ಣು ಒರಸ್ಕೋ. ಇನ್ನ ನೀ ಆ ಡಾಕ್ಟರಮ್ಮನ ಬೆನ್ನು ಹತ್ತಿ ಇನ್ನೊಂದು ಕಾಗದ ಬರಸೋದು ಬ್ಯಾಡ, ಯಾರಿಗೂ ಕೈ ಮುಗಿಯೋದೂ ಬ್ಯಾಡ. ಆರಾಮ ಮಲಕ್ಕೋ.

...

ಅತ್ತಿಗಿ?

ಯಾಕ ಸುಮ್ಮನಾದಿ? ನೆಟ್‌ವರ್ಕ್ ಹೋತೇನು? ಇಲ್ಲ, ಕಣ್ಣು ಮಿಟಕಸಾಕತ್ತಿ. ಏನಾರ ಅನ್ನು. 'ಸುಳ್ಳು ಬುರುಕ' ಅನ್ನು. ಯಾಕ ಕಿವಿಗೆ ಹಿಡಿದಿ ಫೋನು? ಮಾರಿ ಕಾಣವಲ್ದು, ಬರೇ ಕಿವಿ ಕಾಣಾಕತ್ತೈತಿ. ಏನ್ ಕೇಳಾಕತ್ತಿ?

ಆ ಸಪ್ಪಳಾ? ಅದು... ಪೆಂಟಮ್ಮಕ್ಕನ ಮನೀದು.

ಹೌದು. ಪೆಂಟಮ್ಮಕ್ಕನ ಮನ್ಯಾಗ ಮಗ್ಗ ಇಲ್ಲ. ಹೋದ ವರ್ಷನ ತಗದಾರ. ಹಂಗಾದ್ರ... ಆ ಕಡಿ ಓಣೀದಿರಬೇಕು, ಗಾಳಿಗೆ...

ಅತ್ತಿಗಿ, ಮಾತಾಡು. ನೀ ಸುಮ್ಮನಾದಷ್ಟೂ ಅದು ಜೋರು ಕೇಳತೈತಿ.

ದಡಕ್, ದಡಕ್, ದಡಕ್... ಆಮ್ಯಾಲ ಒಂದು ಉಸಿರಿನಷ್ಟು ಸುಮ್ಮನ. ಮತ್ತ ದಡಕ್. ಅವನ ಎಡಗಾಲು ಮಗ್ಗದ ಮೆಟ್ಟು ತುಳಿಯಾಕ ತಡಾ ಆಗತೈತಿ, ಸಣ್ಣಾಂವ ಇದ್ದಾಗ ಬಿದ್ದು ಮುರದ ಕಾಲು. ನಾರಾಯಣಪೇಟಿ ಎಲ್ಲಾ ಮಗ್ಗ ಒಟ್ಟಿಗೆ ಬಡದ್ರೂ ಅಣ್ಣನ ಮಗ್ಗ ಯಾವುದು ಅಂತ ನಿನಗ ಗೊತ್ತಾಗತೈತಿ. ವರ್ಷಗಟ್ಟಲೆ ಆ ಹೊಸ್ತಿಲದ ಮ್ಯಾಲ ಕುಂತು ಕೇಳಿದಾಕಿ ನೀ. ನಾ ಮರತೆ. ಎಲ್ಲಾ ಲೆಕ್ಕ ಹಾಕಿ ಕಟ್ಟಿದೆ, ಡಬ್ಬಿ, ಪ್ಯಾಂಟು, ಟಿಸಿ... ಇದೊಂದು ಮರತೆ.

ರೈಲಿಲ್ಲ ಅತ್ತಿಗಿ. ಅಣ್ಣ ಒಳಗ ನೇಯಾಕತ್ತಾನ. ಮಂಜೂರು ಆಗಿಲ್ಲ. ಅವ್ವ ಹೊಳ್ಳಿ ಫೋನ್ ಹಚ್ಚಿಸಿಲ್ಲ. ಕತಿ ಮುಂದಿಂದೆಲ್ಲಾ ನಾ ಕಟ್ಟಿದ್ದು, ಪೂರಾ ನಾ ಕಟ್ಟಿದ್ದು. ನೀ ಸೋಮವಾರ ಅಂದಿ, ಬಾಯಿ ತಾನ ಓಡಿತು. ಒಂದು ನಾಕು ದಿನ ನಗತಾಳ ಅಂದ್ಕೊಂಡೆ. ಸೋಮವಾರ ಬಾಗಿಲ ಕಡಿ ನೋಡಿಕೊಂತ ನೀ ಒಳಗ ಹೋಗ್ತಿದ್ದಿ ಅನ್ನೋದು... ಅದನ್ನ ಈಗ ವಿಚಾರ ಮಾಡಾಕತ್ತೀನಿ.

ಆತಲ್ಲ, ಹೇಳಿದೆ. ಬೈ. ಬೈದು ಬಿಡು.

ಈಗ ಮಾರಿ ಮುಂದ ಫೋನ್ ಹಿಡದು ಇನ್ನೇನು ನೋಡಾಕತ್ತಿ? ಒಪ್ಪಿಕೊಂಡ್ನೆಲ್ಲ! ಇನ್ನೇನೈತಿ? ಅವ್ವಗ ನೆನಪಾಗವಲ್ದು, ಅದಕ್ಕ ನಾ ಏನು ಮಾಡ್ಲಿ? ನೆನಪಾಗಿದ್ರ ಹೇಳ್ತಿದ್ಲು. ಆ ಮೇಡಮ್ಮು ಕಡೀಕ 'ಹಂಗಾದ್ರ ನಿಮ್ಮ ಮಗ ಇಷ್ಟು ಜಲ್ದಿ ಯಾಕ ಹೋಗಬೇಕಂತಾನ?' ಅಂತ ಕೇಳಿದ್ಲು, ಅದಕ್ಕ ನಾ 'ಅವಂಗ ಮಗ್ಗದ ಕುಣ್ಯಾಗ ಕುಂತು...' ಅವ್ವ. ಅವ್ವ ಅಂದ್ಲು. ಅವ್ವ...

ಹಂಗ ನೋಡಬ್ಯಾಡ.

ಅವ್ವ ಆ ಮಾತು ಅಂತಾಳೇನು? ನೀನ ಹೇಳು. ನದರಿಗೆ ಅಂಜಿ ಸೊಸಿ ಬಸರು ಮುಚ್ಚಿಟ್ಟಾಳು. ಮಗನ ಮ್ಯಾಲ ಹಂಗ ಹೇಳ್ತಾಳೇನು? 'ಅವಂಗ ಮಗ್ಗದ ಕುಣ್ಯಾಗ ಕುಂತು ಕುಂತು ಬ್ಯಾಸರಾಗೇತ್ರೀ, ವಿಮಾನ ಹತ್ತೋ ಹುಚ್ಚು ಹಿಡದೈತಿ, ಸೊಸಿಗೆ ರೋಗ ಅಂತ ಸುಳ್ಳು ಬರಸ್ಯಾನ!' ಇಂಥಾ ಮಾತು ನಾರಾಯಣಪೇಟ್ಯಾಗ ಒಬ್ಬನ ಆಡ್ತಾನ. ಅವಂಗ ಎಲ್ಲಾರ ದನೀನೂ ಬರತೈತಿ.

ಫೋನ್ ಮಾಡಿದಾವ ಚಿನ್ನಯ್ಯ ಅನಕೊಂಡೆ ಅತ್ತಿಗಿ. ನನ್ನ ದೋಸ್ತ ಚಿನ್ನ್ಯಾ. ಅವನೂ ಹೆಣ್ಣಿನ ದನಿ ತಗೀತಾನ. ಅದಕ್ಕೂ ಮೊದಲು ನಾ ಅವಂಗ ಫೋನಿನ್ಯಾಗ ಬ್ಯಾಂಕಿನ ಸಾಹೇಬ ಆಗಿ ಅಳಸಿದ್ದೆ, 'ತಡಿಯಲೇ, ನಿಮ್ಮ ಮನೀಗ ಹಚ್ಚತೀನಿ' ಅಂದಿದ್ದ. ಅವ್ವ ಹಿತ್ತಲದಾಗ ಬಟ್ಟಿ ಒಗ್ಯಾಕತ್ತಿದ್ಲು. ಫೋನು ದಿಂಬಿನ ಕೆಳಗ ಒದರಿತು. ಎತ್ತಿದೆ. ಅವ್ವನ ದನಿ ತಾನ ಬಂತು. ಆ ಕಡಿಂದ ಚಿನ್ನ್ಯಾ ಈಗ ನಗತಾನ, ಈಗ ನಗತಾನ ಅಂತ ಒಂದರ ಮ್ಯಾಲೊಂದು ಬಿಟ್ಟೆ. ನಗಲಿಲ್ಲ. 'ಧನ್ಯವಾದಾಲು ಅಮ್ಮಾ' ಅಂದು ಇಟ್ಟರು.

ಚಿನ್ನ್ಯಾ ಹುಟ್ಟಿದಾಗಿಂದ ಯಾರಿಗೂ ಧನ್ಯವಾದ ಅಂದಿಲ್ಲ. ಆವಾಗ ಗೊತ್ತಾತು. ಹೂಂ, ಅದ ಗಳಿಗ್ಯಾಗ ಗೊತ್ತಾತು. ಹೊಳ್ಳಿ ಹಚ್ಚಬಹುದಿತ್ತು. 'ಮೇಡಂ, ನಾ ಅವನ ತಮ್ಮ, ಹುಡುಗಾಟ ಮಾಡಿದೆ' ಅನಬಹುದಿತ್ತು. ಫೋನು ಮತ್ತ ದಿಂಬಿನ ಕೆಳಗ ಇಟ್ಟು ಕಂಡಿಕಿ ಸುತ್ತಾಕ ಕುಂತೆ. ಅವ್ವ ಒದ್ದಿ ಕೈ ಒರಸ್ಕೋತ ಬಂದು 'ಯಾರ್ದೋ ಫೋನು?' ಅಂದ್ಲು. 'ಯಾರ್ದೂ ಇಲ್ಲ' ಅಂದೆ. ಆಕಿ ಅದನ್ನೂ ಮರತಾಳ. ತಾನ ಅಂದೀನಿ ಅಂತ ನಂಬ್ಯಾಳ. ನಾ ನಂಬಿಸ್ಲಿಲ್ಲ, ಆಕೀನ... ಇಲ್ಲ. ನಂಬಾಕ ಬಿಟ್ಟೆ.

ಏನು? ...ಏನಂದಿ, ಇನ್ನೊಮ್ಮೆ ಹೇಳು. ಮೆಲ್ಲಕ ಅಂದಿ, ಕೇಳಲಿಲ್ಲ.

ಒಳಗಾ? ಈಗಾ? ಫೋನ್ ಹಿಡ್ಕೊಂಡಾ?

ಹೊಡೀತಾನ ಅತ್ತಿಗಿ. ಹೊಡದ್ರ ಹೊಡೀಲಿ, ಅದಲ್ಲ. ನನ್ನ ಜೊತೀನೂ ಮಾತು ಬಿಟ್ರ? ...ಹಾಂ. ಹಾಂ, ಸುರೇಂದರ್ ಸಾರ್ ಅಂದಿದ್ದು ನೆನಪೈತಿ. ಎತ್ತಿದಾವನ ಹೇಳಬೇಕು. ಇವತ್ತ ಹೋದ್ರ ಸಂಜಿ ಒಳಗ ಗದ್ವಾಲ ಮುಟ್ಟತೀವಿ. ನೀ ಡಾಕ್ಟರಮ್ಮಗ ಹೇಳ್ತಿ? ಇನ್ನೊಂದು ಕಾಗದ? ಈಗಿಂದೀಗ? ಹೂಂ. ಸೋಮವಾರದೊಳಗ ಆಗತೈತೋ ಇಲ್ಲೋ... ಹೂಂ. ಗೊತ್ತಿಲ್ಲ ಅನ್ನೋದೂ ಖರೇನ.

ನಡದೆ. ಇಕಾ, ಪಡಸಾಲಿ ದಾಟಿದೆ. ಅವ್ವ ಅಡಿಗಿ ಮನಿ ಬಾಗಿಲದಾಗ ನಿಂತಾಳ. 'ಹರಿತಾನಾ?' ಅಂತ ಕೇಳಾಕತ್ತಾಳ, ಕೈ ಮುಂದ ಮಾಡ್ಯಾಳ. ಆಮ್ಯಾಲವ್ವ. ನೀನೂ ಬಾ. ನೀನೂ ಕೇಳಬೇಕು, ಬಾ.

ಅಣ್ಣಾ... ಕೇಳವಲ್ದು ಅವಂಗ. ಅಣ್ಣಾ!

ಮಗ್ಗ ನಿಂತಿತು.

ನೋಡಾಕತ್ತಾನ. ಅತ್ತಿಗಿ, ನೀನರ ಮೊದಲು ಒಂದು ಮಾತು... ಇಲ್ಲಾ? ನಾನಾ?

ಅಣ್ಣಾ, ಅವತ್ತು ಫೋನ್ ಎತ್ತಿದ್ದು ಅವ್ವ ಅಲ್ಲ.